ಹೊರಾಂಗಣ ಕಲಿಕೆಯ ಪತ್ರಿಕೆಗೆ ಲೇಖನ: ಹಳ್ಳದ ಹರಿವು ಅಳೆಯುವ ಚಟುವಟಿಕೆಯನ್ನು ಹೇಗೆ ಬರೆಯುವುದು?

ಹಳ್ಳದದಾರಿ
ನಮಸ್ಕಾರ. ನಿಸರ್ಗ ಶಿಬಿರ ನಡೆಸುವವರು, ಚಾರಣದ ಮುಂದಾಳುಗಳು, ತರಗತಿಯ ಹೊರಗೆ ಪಾಠ ಮಾಡುವ ಶಿಕ್ಷಕರು ಓದುವ ಮಾಸಪತ್ರಿಕೆಯೊಂದಕ್ಕೆ ಲೇಖನ ಕೊಡಬೇಕಿದೆ. ಮಿತಿ 1200 ಪದ. ವಿಷಯ: 8–9ನೇ ತರಗತಿ ಮಕ್ಕಳು ಸಣ್ಣ ಹಳ್ಳದಲ್ಲಿ ನಿಂಬೆಹಣ್ಣು ತೇಲಿಬಿಟ್ಟು ಹರಿವಿನ ಪ್ರಮಾಣ ಲೆಕ್ಕ ಹಾಕುವುದು. ಕರಡಿನ ಆರಂಭ ಹೀಗಿದೆ:

"ಪ್ರಕೃತಿಯೇ ಪಾಠಶಾಲೆ. ನಾಲ್ಕು ಗೋಡೆಗಳ ನಡುವೆ ಬಂಧಿಯಾಗಿರುವ ಇಂದಿನ ಮಕ್ಕಳಿಗೆ ಹಸಿರಿನ ಒಡನಾಟ ಅತ್ಯಗತ್ಯ. ಜುಳುಜುಳು ಹರಿಯುವ ಹಳ್ಳದಲ್ಲಿ ಮಕ್ಕಳು ನಲಿಯುತ್ತಲೇ ಗಣಿತ ಕಲಿಯಬಹುದು. ಹಳ್ಳದ ಅಗಲ, ಆಳ ಅಳೆದು, ನಿಂಬೆಹಣ್ಣು ಬಿಟ್ಟು ವೇಗ ಕಂಡುಹಿಡಿದು, ಎರಡನ್ನೂ ಗುಣಿಸಿದರೆ ಹರಿವು ಸಿಗುತ್ತದೆ."

ಇದರಲ್ಲಿ ಎಷ್ಟು ವಿವರ ಇರಬೇಕು, ಯಾವುದನ್ನು ಬಿಡಬೇಕು? ಫೋಟೊ, ಅನುಮತಿ ವಿಚಾರಕ್ಕೂ ಸಲಹೆ ಬೇಕು.

ಕೆಂಪುಶಾಯಿ
ಮೊದಲ ಮೂರು ವಾಕ್ಯ ತೆಗೆದುಬಿಡಿ. ಆ ಪತ್ರಿಕೆ ಓದುವವರು ಮಕ್ಕಳನ್ನು ಹೊರಗೆ ಕರೆದೊಯ್ಯಬೇಕೆಂದು ಆಗಲೇ ಒಪ್ಪಿಕೊಂಡವರು, ಎಷ್ಟೋ ಮಂದಿಗೆ ಅದೇ ಹೊಟ್ಟೆಪಾಡು. ಅವರಿಗೆ ಬೇಕಿರುವುದು ಬೇರೆ. ಈ ಚಟುವಟಿಕೆ ನನ್ನ ಗುಂಪಿಗೆ, ನನ್ನ ಊರಿನ ಹಳ್ಳಕ್ಕೆ ಹೊಂದುತ್ತದೆಯೇ? ಎಷ್ಟು ಹೊತ್ತು ಹಿಡಿಯುತ್ತದೆ? ಎಲ್ಲಿ ಕೈಕೊಡುತ್ತದೆ? ಇವುಗಳ ಉತ್ತರ ಮೊದಲ 80 ಪದಗಳೊಳಗೆ ಸಿಗಬೇಕು. ಉದಾಹರಣೆಗೆ:

"ಮೊಣಕಾಲಿಗಿಂತ ಕಡಿಮೆ ಆಳದ, 2–3 ಮೀಟರ್ ಅಗಲದ ಹಳ್ಳ. 20 ಮಕ್ಕಳು, ಐದೈದರ ನಾಲ್ಕು ತಂಡ, ಮೂವರು ದೊಡ್ಡವರು. ಅಳತೆಗೆ 50 ನಿಮಿಷ, ದಡದಲ್ಲಿ ಕೂತು ಲೆಕ್ಕ ಮತ್ತು ಮಾತಿಗೆ 40 ನಿಮಿಷ. ಕೊನೆಗೆ ಪ್ರತಿ ತಂಡದ ಕೈಯಲ್ಲಿ ಸೆಕೆಂಡಿಗೆ ಇಷ್ಟು ಲೀಟರ್ ಎಂಬ ಒಂದು ಸಂಖ್ಯೆ ಇರುತ್ತದೆ. ನಾಲ್ಕು ಸಂಖ್ಯೆಗಳು ಏಕೆ ಬೇರೆಬೇರೆ ಬಂದವು ಎಂಬುದೇ ಮುಂದಿನ ಚರ್ಚೆ."

ಇಷ್ಟು ಓದಿದ ಶಿಬಿರದವರಿಗೆ ಮುಂದೆ ಓದಬೇಕೋ ಬೇಡವೋ ಗೊತ್ತಾಗಿಬಿಡುತ್ತದೆ. ಹೊಂದದವರು ಪುಟ ತಿರುವಿದರೆ ತೊಂದರೆಯಿಲ್ಲ.

ಇನ್ನು ನಿಮ್ಮ ಕೊನೆಯ ವಾಕ್ಯವೇ ನಿಜವಾದ ಲೇಖನ. ಅದೊಂದನ್ನೇ 600 ಪದಕ್ಕೆ ಬೆಳೆಸಬೇಕು.

ಮಾಪನಪಟ್ಟಿ
ಕೆಂಪುಶಾಯಿಯವರ ಮಾತಿಗೆ ಸೇರಿಸುತ್ತೇನೆ. "ಅಗಲ, ಆಳ ಅಳೆದು" ಎಂಬಷ್ಟರಲ್ಲೇ ಓದುಗರು ಎಡವುವ ಜಾಗ ಅಡಗಿದೆ.

ಮೊದಲು ತೇಲುವ ವಸ್ತು. ನಮ್ಮ ಪೇಟೆಯಲ್ಲಿ ಸಿಗುವ ತೆಳು ಸಿಪ್ಪೆಯ ನಿಂಬೆ ಕೆಲವು ತೇಲುತ್ತವೆ, ಕೆಲವು ಮುಳುಗಿಯೇ ಬಿಡುತ್ತವೆ. ಕಿತ್ತಳೆ ವಾಸಿ: ಸಿಪ್ಪೆಯಲ್ಲಿ ಗಾಳಿ ಇರುವುದರಿಂದ ತೇಲುತ್ತದೆ, ಆದರೂ ಬಹುಭಾಗ ನೀರಿನೊಳಗೇ ಇರುವುದರಿಂದ ಗಾಳಿ ಅದನ್ನು ತಳ್ಳುವುದು ಕಡಿಮೆ. ಒಣಎಲೆ, ಥರ್ಮೋಕೋಲ್, ಟೆನಿಸ್ ಚೆಂಡು ಬೇಡ. ಅವು ನೀರಿನ ಮೇಲೆ ಕೂತು ಗಾಳಿಯ ವೇಗ ತೋರಿಸುತ್ತವೆ. "ಹಿಂದಿನ ದಿನ ಬಕೆಟ್ ನೀರಿನಲ್ಲಿ ಬಿಟ್ಟು ನೋಡಿ, ಮುಕ್ಕಾಲು ಭಾಗ ಮುಳುಗಿ ತೇಲುವುದನ್ನೇ ಆರಿಸಿ" ಎಂದು ಬರೆಯಿರಿ. ಹಣ್ಣನ್ನು ಅಳತೆ ಶುರುವಾಗುವ ಗೆರೆಗಿಂತ ಒಂದೆರಡು ಮೀಟರ್ ಮೇಲ್ಹರಿವಿನಲ್ಲಿ ಬಿಡಬೇಕು, ಗೆರೆ ದಾಟುವ ಹೊತ್ತಿಗೆ ಅದು ನೀರಿನ ವೇಗ ಹಿಡಿದಿರುತ್ತದೆ.

ದೂರ 10 ಮೀಟರ್, ನೇರವಾದ ಹರಿವು, ನಡುವೆ ದೊಡ್ಡ ಬಂಡೆ, ಸುಳಿ ಇರಬಾರದು. ಹಣ್ಣು ಅಷ್ಟು ದೂರ ಸಾಗಲು 20 ಸೆಕೆಂಡಿನ ಆಸುಪಾಸು ಹಿಡಿದರೆ ಒಳ್ಳೆಯದು. ಐದಾರು ಸೆಕೆಂಡಿಗೇ ದಾಟಿದರೆ ದೂರ ಹೆಚ್ಚಿಸಬೇಕು, ಇಲ್ಲವಾದರೆ ಗಡಿಯಾರ ಒತ್ತುವ ಬೆರಳಿನ ತಡವೇ ಉತ್ತರವನ್ನು ನುಂಗಿಹಾಕುತ್ತದೆ. ಐದು ಸಲ ಬಿಡಿಸಿ. 19, 21, 20, 34, 20 ಬಂತು ಎನ್ನಿ. 34 ಬಂದದ್ದು ಹಣ್ಣು ದಡದ ಬೇರಿಗೆ ಸಿಕ್ಕಿದ್ದಕ್ಕೆ. ಅದನ್ನು ಬಿಡಬಹುದು, ಆದರೆ ಏಕೆ ಬಿಟ್ಟೆವೆಂದು ಮಕ್ಕಳ ಪಟ್ಟಿಯಲ್ಲಿ ದಾಖಲಾಗಿರಬೇಕು. ಸರಾಸರಿ 20 ಸೆಕೆಂಡು, ಅಂದರೆ ಮೇಲ್ಮೈ ವೇಗ ಸೆಕೆಂಡಿಗೆ 0.5 ಮೀಟರ್.

ಇದನ್ನು ನೇರವಾಗಿ ಗುಣಿಸುವಂತಿಲ್ಲ. ತಳಕ್ಕೂ ದಡಕ್ಕೂ ಉಜ್ಜಿಕೊಂಡು ಹೋಗುವ ನೀರು ನಿಧಾನ. ಹಾಗಾಗಿ 0.85ರಿಂದ ಗುಣಿಸುತ್ತಾರೆ. ಕಲ್ಲುಗಳೇ ತುಂಬಿದ, ತೀರಾ ತೆಳು ಹರಿವಾದರೆ ಇನ್ನೂ ಕಡಿಮೆ ಹಿಡಿಯಬೇಕು. ಇಲ್ಲಿ 0.425 ಬರುತ್ತದೆ. ನಿಮ್ಮ ಕರಡಿನಲ್ಲಿ ಈ ಹೆಜ್ಜೆಯೇ ಇಲ್ಲ.

ಅಸಲು ಗಂಡಾಂತರ ಇರುವುದು ಆಳದಲ್ಲಿ. ಅದಕ್ಕೆ ಪ್ರತ್ಯೇಕ ಪೋಸ್ಟ್ ಹಾಕುತ್ತೇನೆ.

ಮಾಪನಪಟ್ಟಿ
ಹಳ್ಳದ ಅಗಲ 2.4 ಮೀಟರ್ ಎಂದಿಟ್ಟುಕೊಳ್ಳಿ. ದಡದಿಂದ ದಡಕ್ಕೆ ಹಗ್ಗ ಕಟ್ಟಿ ಪ್ರತಿ 40 ಸೆಂ.ಮೀ.ಗೆ ಒಂದು ಆಳ ತೆಗೆದರೆ: 0, 10, 22, 30, 24, 12, 0. ಒಟ್ಟು ಏಳು ಬಿಂದು, ಅವುಗಳ ನಡುವೆ ಆರು ಪಟ್ಟಿ.

ಮಕ್ಕಳು, ಎಷ್ಟೋ ಸಲ ದೊಡ್ಡವರೂ, ಸೊನ್ನೆಗಳನ್ನು ಬಿಟ್ಟು ಮಿಕ್ಕ ಐದರ ಸರಾಸರಿ ತೆಗೆಯುತ್ತಾರೆ. 98 ಭಾಗಿಸು 5, ಅಂದರೆ 19.6 ಸೆಂ.ಮೀ. ಅದನ್ನು 240ರಿಂದ ಗುಣಿಸಿದರೆ 4704 ಚದರ ಸೆಂ.ಮೀ. ತಪ್ಪು. ಏಳರಿಂದ ಭಾಗಿಸಿದರೆ 3360, ಅದೂ ತಪ್ಪು. ಪಟ್ಟಿಗಳು ಆರು, ಹಾಗಾಗಿ ಭಾಗಿಸಬೇಕಾದದ್ದು ಆರರಿಂದ. ಸುಲಭ ದಾರಿ ಎಂದರೆ ನಡುವಿನ ಆಳಗಳನ್ನೆಲ್ಲ ಕೂಡಿ 40ರಿಂದ ಗುಣಿಸುವುದು: 98 × 40 = 3920 ಚದರ ಸೆಂ.ಮೀ., ಅಂದರೆ 0.392 ಚದರ ಮೀಟರ್.

0.392 × 0.425 = ಸೆಕೆಂಡಿಗೆ ಸುಮಾರು 0.166 ಘನ ಮೀಟರ್, 166 ಲೀಟರ್ ಆಯಿತು. ಐದರಿಂದ ಭಾಗಿಸಿದ ತಂಡಕ್ಕೆ ಅದೇ ಹಳ್ಳದಲ್ಲಿ 200 ಲೀಟರ್ ಬರುತ್ತದೆ. ಶೇ. 20ರಷ್ಟು ಹೆಚ್ಚು!

ಗಡಿಯಾರದಲ್ಲಿ ಒಂದು ಸೆಕೆಂಡು ತಪ್ಪಿದರೆ 20ರಲ್ಲಿ ಶೇ. 5 ಮಾತ್ರ. ಆಳದಲ್ಲಿ 3 ಸೆಂ.ಮೀ. ತಪ್ಪಿದರೆ 20 ಸೆಂ.ಮೀ.ಗೆ ಶೇ. 15. ಹೀಗಿದ್ದೂ ಇಂಥ ಲೇಖನಗಳೆಲ್ಲ ಹಣ್ಣು ಬಿಡುವ ಖುಷಿಗೆ ಅರ್ಧ ಪುಟ ಕೊಟ್ಟು ಆಳಕ್ಕೆ ಒಂದೇ ಪದ ಕೊಡುತ್ತವೆ. ನಿಮ್ಮ ಪದಗಳನ್ನು ತಪ್ಪು ಹೆಚ್ಚಿರುವ ಕಡೆ ಖರ್ಚು ಮಾಡಿ. ಕೋಲು ಕೆಸರಿನಲ್ಲಿ ಇಳಿದರೆ ಆಳ ಹೆಚ್ಚು ತೋರುತ್ತದೆ, ಅದಕ್ಕೆ ತುದಿಗೆ ಚಪ್ಪಟೆ ಡಬ್ಬಿ ಮುಚ್ಚಳ ಕಟ್ಟಬೇಕು. ಅಗಲವಾದ ಅಳತೆಪಟ್ಟಿಯನ್ನು ಹರಿವಿಗೆ ಅಡ್ಡ ಹಿಡಿದರೆ ನೀರು ಅದರ ಮುಖಕ್ಕೆ ಏರಿ ಒಂದೆರಡು ಸೆಂ.ಮೀ. ಜಾಸ್ತಿ ಕಾಣುತ್ತದೆ. ಪಟ್ಟಿಯ ತೆಳು ಅಂಚು ಹರಿವಿನ ಕಡೆಗಿರಬೇಕು. ಇಂಥ ಎರಡು ವಾಕ್ಯಕ್ಕಾಗಿಯೇ ಬಲ್ಲವರು ಲೇಖನ ಕತ್ತರಿಸಿ ಇಟ್ಟುಕೊಳ್ಳುವುದು.

ಬೆನ್ನುಚೀಲ
ಮಾಪನಪಟ್ಟಿ ಸರ್, ಈ ಲೆಕ್ಕವನ್ನೆಲ್ಲ ಓಡುವ ಬರಹದಲ್ಲಿ ಹಾಕಿದರೆ ಓದುಗರು ಸುಸ್ತಾಗುತ್ತಾರೆ. ಏಳು ಆಳಗಳ ಒಂದು ಚಿಕ್ಕ ಕೋಷ್ಟಕ, ಅಡ್ಡಛೇದದ ಒಂದು ಗೆರೆಚಿತ್ರ ಸಾಕು. ಬರಹದಲ್ಲಿ "ಬಿಂದು ಏಳು, ಪಟ್ಟಿ ಆರು" ಎಂಬ ಎಚ್ಚರಿಕೆ ಮಾತ್ರ ಇರಲಿ.

ಮಕ್ಕಳು ಏನು ಮಾಡುತ್ತಿರುತ್ತಾರೆ ಎಂಬುದನ್ನೂ ಯಾರೂ ಬರೆಯುವುದಿಲ್ಲ. ಐವರ ತಂಡದಲ್ಲಿ ಒಬ್ಬರು ಹಣ್ಣು ಬಿಡುವುದು, ಒಬ್ಬರು ಕೆಳಗೆ ಹಿಡಿಯುವುದು, ಒಬ್ಬರು ಗಡಿಯಾರ, ಒಬ್ಬರು ಕೋಲು, ಒಬ್ಬರು ದಾಖಲೆ. ಹತ್ತು ಜನರ ತಂಡ ಮಾಡಿದರೆ ಐವರು ಸುಮ್ಮನೆ ನಿಂತು ಕಲ್ಲೆಸೆಯಲು ಶುರುಮಾಡುತ್ತಾರೆ. ಕಲ್ಲೆಸೆದರೆ ಹಣ್ಣಿನ ದಾರಿ ತಪ್ಪುತ್ತದೆ, ತಲೆಗೆ ಬೀಳುವ ಅಪಾಯವೂ ಇದೆ. ತಂಡದ ಗಾತ್ರಕ್ಕೆ ಕಾರಣ ಕೊಟ್ಟು ಬರೆಯಿರಿ, ಇಲ್ಲವಾದರೆ ಓದುವವರು ತಮ್ಮ ಅನುಕೂಲಕ್ಕೆ ಬದಲಿಸಿಕೊಂಡುಬಿಡುತ್ತಾರೆ.

ನಾಲ್ಕು ತಂಡಗಳೂ ಒಂದೇ 10 ಮೀಟರಿನಲ್ಲಿ ಅಳೆಯುವಂತಿಲ್ಲ. ಮೇಲಿನ ತಂಡದ ಕಾಲು ಕೆಸರು ಕದಡಿ ಕೆಳಗಿನವರಿಗೆ ತಳ ಕಾಣುವುದಿಲ್ಲ. ಕೆಳಗಿನ ತಂಡ ಮೊದಲು, ಮೇಲಿನದು ಆಮೇಲೆ, ಅಥವಾ ದೂರ ದೂರ ನಿಲ್ಲಿಸಬೇಕು. ನಡುವೆ ಉಪನದಿ ಸೇರಬಾರದು, ಪಂಪ್ ಹಾಕಿ ನೀರು ಎತ್ತುತ್ತಿರಬಾರದು. ಸೇರಿದರೂ ಪಂಪ್ ಇದ್ದರೂ ಮಕ್ಕಳೇ ಅದನ್ನು ಪತ್ತೆ ಮಾಡುವಂತೆ ಪ್ರಶ್ನೆ ಕಟ್ಟಬಹುದು ಅನ್ನಿ, ಅದು ಎರಡನೇ ಲೇಖನ.

ಮಲೆನಾಡಮೇಷ್ಟ್ರು
ಸುರಕ್ಷತೆ ಬಗ್ಗೆ ಎರಡು ಮಾತು. "ಅಗತ್ಯ ಮುನ್ನೆಚ್ಚರಿಕೆ ವಹಿಸಿ" ಅನ್ನೋ ವಾಕ್ಯ ಬರೀಲೇಬೇಡಿ. ಅದರಿಂದ ಯಾರಿಗೂ ಏನೂ ಗೊತ್ತಾಗಲ್ಲ. ಯಾವ ಅಪಾಯ, ಯಾವ ಗುರುತು ಕಂಡರೆ ನಿಲ್ಲಿಸಬೇಕು, ಯಾರು ನಿಲ್ಲಿಸಬೇಕು, ಮೂರೂ ಬೇಕು.

ಘಟ್ಟದ ಹಳ್ಳಕ್ಕೆ ನಮ್ಮ ಮೇಲೆ ಮಳೆ ಬೀಳಬೇಕಂತಿಲ್ಲ, ಮೇಲೆ ಗುಡ್ಡದಲ್ಲಿ ಬಿದ್ದರೆ ಸಾಕು. ನೀರಿನ ಬಣ್ಣ ಇದ್ದಕ್ಕಿದ್ದಂತೆ ಕೆಂಪಗಾದರೆ, ತರಗೆಲೆ ಕಡ್ಡಿ ಒಟ್ಟಿಗೆ ತೇಲಿ ಬಂದರೆ, ಸದ್ದು ಬದಲಾದರೆ, ದಡಕ್ಕೆ ನೆಟ್ಟ ಗುರುತಿನ ಕಡ್ಡಿಯನ್ನ ನೀರು ಮುಟ್ಟಿದರೆ ಎಲ್ಲರೂ ಹೊರಗೆ. ಅದನ್ನ ನೋಡೋಕೆ ಒಬ್ಬ ದೊಡ್ಡವರು ಮೇಲ್ಹರಿವಿನ ಕಡೆ ಸೀಟಿ ಹಿಡಿದು ನಿಂತಿರಬೇಕು, ಅವರಿಗೆ ಬೇರೆ ಕೆಲಸ ಕೊಡಬಾರದು. ಮೇಲೆ ಅಣೆಕಟ್ಟೋ ಕಿರು ಜಲವಿದ್ಯುತ್ ಘಟಕವೋ ಇದ್ದರೆ ಆ ಜಾಗವೇ ಬೇಡ.

ಗುಡುಗಿಗೆ 30–30ರ ನಿಯಮ ಹಾಕಿ. ಮಿಂಚಿ 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಕಟ್ಟಡದೊಳಗೆ ಹೋಗಬೇಕು, ಕೊನೆಯ ಗುಡುಗಾಗಿ 30 ನಿಮಿಷ ಕಳೆಯೋ ತನಕ ಹೊರಗೆ ಬರಬಾರದು. ಏಪ್ರಿಲ್–ಮೇ ಶಿಬಿರಗಳಿಗೆ ಇದು ತುಂಬಾ ಮುಖ್ಯ.

ಇನ್ನೊಂದು, ಪತ್ರಿಕೆ ಇಡೀ ಕರ್ನಾಟಕಕ್ಕೆ ಹೋಗುತ್ತೆ. ಮೈದಾನದ ಹಳ್ಳಕ್ಕೆ ಬರೆದದ್ದನ್ನ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನವರು ಜನವರಿಯಲ್ಲಿ ಮಾಡಿದರೆ ದಡದ ತರಗಿನಲ್ಲಿ ಉಣುಗು ಇರುತ್ತೆ. ಉಣುಗಿನಿಂದ ಹರಡೋ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಈಗಲೂ ಡಿಸೆಂಬರ್‌ನಿಂದ ಮೇ ತನಕ ಅದರ ಕಾಲ. ಮಂಗ ಸತ್ತ ಸುದ್ದಿ ಇರೋ ಕಡೆ ಕಾಡಂಚಿಗೆ ಮಕ್ಕಳನ್ನ ಒಯ್ಯಬಾರದು, ಹೊರಡೋ ಮುಂಚೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬೇಕು. ಉಣುಗು ತಡೆಯೋ ಎಣ್ಣೆ ಹಚ್ಚಿದ ಕೈಕಾಲು ನೀರಿಗಿಟ್ಟರೆ ಹಳ್ಳದ ಹುಳುಹುಪ್ಪಟೆ, ಕಪ್ಪೆಗಳಿಗೆ ತೊಂದರೆ. ಅದಕ್ಕೇ ಈ ಚಟುವಟಿಕೆಗೆ ಆ ಊರುಗಳಲ್ಲಿ ಅಕ್ಟೋಬರ್–ನವೆಂಬರ್ ಸರಿಯಾದ ಕಾಲ: ಮಳೆ ಇಳಿದಿರುತ್ತೆ, ಹರಿವು ಇನ್ನೂ ಇರುತ್ತೆ.

ಕಾಲಿಗೆ ಗಾಯ ಇರೋ ಮಗುವಿಗೆ ದಡದ ಕೆಲಸ ಕೊಡಿ, ಇಲಿಜ್ವರ ಹರಡೋದು ಇಂಥ ನೀರಿನಿಂದಲೇ. ಹಳೇ ಕಾಲದ ಹಾವು ಕಡಿತದ ಸಲಹೆಗಳು, ಬಿಗಿಯಾಗಿ ಕಟ್ಟೋದು, ಕೊಯ್ಯೋದು, ಹೀರೋದು, ಯಾವ ಲೇಖನದಲ್ಲೂ ಬರಕೂಡದು. ಅಲುಗಾಡಿಸದೆ ಆಸ್ಪತ್ರೆಗೆ ಸಾಗಿಸಬೇಕು, ಅಷ್ಟೆ. ಪ್ರತಿವಿಷ ಇರೋ ಹತ್ತಿರದ ಆಸ್ಪತ್ರೆ ಯಾವುದು ಅಂತ ಮೊದಲೇ ತಿಳಿದಿಟ್ಟುಕೊಳ್ಳಿ ಅಂತ ಒಂದು ಸಾಲು ಇರಲಿ.

ಹಳ್ಳದದಾರಿ
ಮೇಷ್ಟ್ರೇ, ಇಷ್ಟನ್ನೂ ಹಾಕಿದರೆ 1200 ಪದದಲ್ಲಿ 400 ಸುರಕ್ಷತೆಗೇ ಹೋಗುತ್ತದೆ. ಯಾವುದನ್ನು ಉಳಿಸಲಿ?

ಮಲೆನಾಡಮೇಷ್ಟ್ರು
ಈ ಚಟುವಟಿಕೆಗೇ ಅಂಟಿಕೊಂಡ ಅಪಾಯ ಮಾತ್ರ ಉಳಿಸಿ. ನೀರು ಏರೋದು, ಜಾರೋ ಬಂಡೆ, ಉಣುಗಿನ ಕಾಲ, ಗಾಯ. ಟೋಪಿ, ನೀರಿನ ಬಾಟಲಿ, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇವೆಲ್ಲ ಆ ಓದುಗರಿಗೆ ಹೇಳಬೇಕಾಗಿಲ್ಲ. ಹಾವಿನ ಸಾಲು ನಿಮ್ಮ ಕರಡಿನಲ್ಲಿ ಹಾವಿನ ಮಾತು ಬಂದರೆ ಮಾತ್ರ. 150 ಪದದಲ್ಲಿ ಆಗುತ್ತೆ. ಆದರೆ ಅದನ್ನ ಕೊನೆಯಲ್ಲಿ ಚೌಕದೊಳಗೆ ಹಾಕಬೇಡಿ. ಪುಟ ಸಾಲದೆ ಹೋದರೆ ಮೊದಲು ಹಾರೋದು ಕೊನೆಯ ಚೌಕವೇ. "ಕೋಲು ಹಿಡಿದ ಮಗು ನೀರಿಗಿಳಿಯುವ ಮುನ್ನ..." ಅಂತ ಆ ಹೆಜ್ಜೆಯೊಳಗೇ ಹೆಣೆದರೆ ಯಾರೂ ಕತ್ತರಿಸೋಕಾಗಲ್ಲ.

ಕೆಂಪುಶಾಯಿ
ಮೇಷ್ಟ್ರ ಈ ಕೊನೆಯ ಮಾತು ಅಚ್ಚುಮನೆಯ ಕಷ್ಟ ಬಲ್ಲವರ ಮಾತು. ಜಾಹೀರಾತು ಬಂದರೆ ಕೊನೆಯ ಚೌಕ ಹೋಗುವುದು ಖಂಡಿತ.

ಸಿದ್ಧಾಂತದ ಬಗ್ಗೆ ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಈ ವಲಯದ ಲೇಖನಗಳಲ್ಲಿ ಅಮೆರಿಕದ ಶಿಕ್ಷಣತಜ್ಞ ಡೇವಿಡ್ ಕೋಲ್ಬ್ 1984ರಲ್ಲಿ ಮುಂದಿಟ್ಟ ಅನುಭವ ಕಲಿಕೆಯ ಚಕ್ರ ಒಂದು ಪ್ಯಾರಾ ತಿನ್ನುತ್ತದೆ: ಅನುಭವ, ಮೆಲುಕು, ಗ್ರಹಿಕೆ, ಮರುಪ್ರಯೋಗ. ಅದು ಓದುಗರಿಗೆ ಗೊತ್ತು. ಹೇಳಲೇಬೇಕಿದ್ದರೆ ಚಟುವಟಿಕೆಯನ್ನು ಅದು ಎಲ್ಲಿ ಬದಲಿಸಿತು ಎಂದು ಹೇಳಿ. ಇಲ್ಲಿ ಮರುಪ್ರಯೋಗ ಎಂದರೆ ಲೆಕ್ಕ ಮುಗಿದ ಮೇಲೆ ತಂಡಗಳು ಮತ್ತೊಮ್ಮೆ ಹಳ್ಳಕ್ಕೆ ಇಳಿದು ಆಳವನ್ನಷ್ಟೇ ಮರುಅಳತೆ ಮಾಡುವುದು. ಅದಕ್ಕೆ 15 ನಿಮಿಷ ಮೀಸಲಿಡಿ ಎಂದು ಬರೆದರೆ ಚಕ್ರದ ಹೆಸರು ಹೇಳದೆಯೇ ಅದರ ಕೆಲಸ ಆಗಿರುತ್ತದೆ.

ಮೆಲುಕಿನ ಪ್ರಶ್ನೆಗಳನ್ನು ಹಾಗೆಹಾಗೇ ಕೊಡಿ. "ಅನುಭವ ಹೇಗಿತ್ತು?" ಎಂದರೆ "ಚೆನ್ನಾಗಿತ್ತು ಸರ್" ಎಂದೇ ಉತ್ತರ. "ನಿಮ್ಮ ತಂಡದ ಸಂಖ್ಯೆ ಪಕ್ಕದವರಿಗಿಂತ ಹೆಚ್ಚು ಬಂದಿದೆ. ಹಳ್ಳ ಬದಲಾಯಿತೇ, ಅಳತೆ ಬದಲಾಯಿತೇ? ಹೇಗೆ ಪತ್ತೆ ಮಾಡುತ್ತೀರಿ?" ಎಂದರೆ ಮಾತು ಶುರುವಾಗುತ್ತದೆ. ಮುಂದಿನ ಪ್ರಶ್ನೆ: ಸೆಕೆಂಡಿಗೆ 166 ಲೀಟರ್ ಎಂದರೆ 1000 ಲೀಟರಿನ ಟ್ಯಾಂಕ್ ತುಂಬಲು ಎಷ್ಟು ಹೊತ್ತು? ಸುಮಾರು 6 ಸೆಕೆಂಡು. ಮನೆಯ ಟ್ಯಾಂಕ್ ಕಂಡ ಮಗುವಿಗೆ ಆ ಸಂಖ್ಯೆ ಆಗ ಕಣ್ಣಿಗೆ ಕಟ್ಟುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಹತ್ತು ಚೀಲರಹಿತ ದಿನಗಳನ್ನು ಒಂದು ವಾಕ್ಯದಲ್ಲಿ ಸೇರಿಸಬಹುದು. ಅದು 6ರಿಂದ 8ನೇ ತರಗತಿಗೆ ಸೇರಿದ್ದು, ನಿಮ್ಮ 9ನೇ ತರಗತಿ ಅದರಲ್ಲಿ ಬರುವುದಿಲ್ಲ, ನೋಡಿಕೊಂಡು ಬರೆಯಿರಿ. ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆಯಬೇಕಾದ ಓದುಗರಿಗೆ ಇಂಥ ಒಂದು ಸಾಲಿನಿಂದ ಉಪಕಾರವಾಗುತ್ತದೆ.

ಚಿತ್ರಚೌಕ
ಫೋಟೊ ವಿಚಾರ ನನಗಿರಲಿ.

ಪತ್ರಿಕೆಗೆ ಬೇಕಿರುವುದು ಮಕ್ಕಳು ಸಾಲಾಗಿ ನಿಂತು ಕೈಬೀಸುವ ಗುಂಪುಚಿತ್ರವಲ್ಲ. ಕೋಲಿನ ತುದಿಯ ಮುಚ್ಚಳ, ನೀರಿನಲ್ಲಿ ಮುಕ್ಕಾಲು ಮುಳುಗಿದ ಕಿತ್ತಳೆ, ಹಗ್ಗದ ಮೇಲೆ 40 ಸೆಂ.ಮೀ.ಗೊಂದು ಬಣ್ಣದ ದಾರದ ಗುರುತು, ಮಗುವಿನ ಕೈಬರಹದ ದಾಖಲೆ ಪಟ್ಟಿ, ಇವು ಬೇಕು. ಬರಹದಲ್ಲಿ ಹೇಳಲು ನಾಲ್ಕು ಸಾಲು ಬೇಕಾದ್ದನ್ನು ಚಿತ್ರ ಹೇಳಬೇಕು. ಕೈಯನ್ನೇ ತೆಗೆದರೆ ಮುಖದ ತಕರಾರೂ ಇರುವುದಿಲ್ಲ.

ಮುಖ ಕಾಣುವಂತಿದ್ದರೆ ಪೋಷಕರ ಲಿಖಿತ ಒಪ್ಪಿಗೆ ಬೇಕು, ಶಾಲೆಯದೊಂದೇ ಸಾಲದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಒಪ್ಪಿಗೆ ಪತ್ರದಲ್ಲಿ "ಮುದ್ರಿತ ಪತ್ರಿಕೆ, ಅದರ ಜಾಲತಾಣ, ಸಾಮಾಜಿಕ ಮಾಧ್ಯಮ" ಎಂದು ಮೂರನ್ನೂ ಬೇರೆಬೇರೆ ನಮೂದಿಸಿ. ಒಂದಕ್ಕೆ ಒಪ್ಪಿ ಇನ್ನೊಂದಕ್ಕೆ ಒಪ್ಪದವರು ಇರುತ್ತಾರೆ. ಅಡಿಬರಹದಲ್ಲಿ ಮಗುವಿನ ಹೆಸರು ಮತ್ತು ಶಾಲೆಯ ಹೆಸರು ಒಟ್ಟಿಗೆ ಬರಬಾರದು.

ಅಳತೆ: 300 ಡಿಪಿಐಗೆ (ಇಂಚಿಗೆ 300 ಚುಕ್ಕಿ) ಎ4 ಪೂರ್ಣಪುಟ ಎಂದರೆ 2480 × 3508 ಪಿಕ್ಸೆಲ್. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ಗುಣಮಟ್ಟದ ಫೋಟೊ ಎಂದು ಕಳಿಸಿದರೆ ಕುಗ್ಗಿ 1600 ಪಿಕ್ಸೆಲ್ಲಿನ ಹತ್ತಿರ ಬರುತ್ತದೆ, ಅಚ್ಚಿನಲ್ಲಿ 13–14 ಸೆಂ.ಮೀ.ಗಿಂತ ದೊಡ್ಡದು ಮಾಡಲಾಗುವುದಿಲ್ಲ. ಡಾಕ್ಯುಮೆಂಟ್ ಎಂದು ಕಳಿಸಿ ಅಥವಾ ಡ್ರೈವ್ ಕೊಂಡಿ ಕೊಡಿ. ವರ್ಡ್ ಕಡತದೊಳಗೆ ಅಂಟಿಸಬೇಡಿ.

ಇನ್ನೊಂದು ಮಾತು: ಮೊಬೈಲ್ ಚಿತ್ರದೊಳಗೆ ಜಾಗದ ಅಕ್ಷಾಂಶ ರೇಖಾಂಶ ಅಡಗಿರುತ್ತದೆ. ಹಳ್ಳದ ಚಿತ್ರಕ್ಕೆ ಅಷ್ಟೇನೂ ತೊಂದರೆಯಿಲ್ಲ. ಆದರೆ ಪಕ್ಕದ ಮರದ ಕಾಡುಪಾಪವನ್ನೋ ಗೂಡನ್ನೋ ತೆಗೆದ ಚಿತ್ರ ಜಾಲತಾಣಕ್ಕೆ ಹೋದರೆ ಅಲ್ಲಿಗೆ ಜನ ನುಗ್ಗುತ್ತಾರೆ. ಆ ಮಾಹಿತಿ ಅಳಿಸಿಯೇ ಕಳಿಸಿ.

ಬೆನ್ನುಚೀಲ
ಜಾಗದ ಅನುಮತಿಯನ್ನೂ ಲೇಖನದಲ್ಲಿ ಸ್ಪಷ್ಟವಾಗಿ ಹೇಳಬೇಕು. ಹಳ್ಳ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗಿದ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಹೋಗುವಂತಿಲ್ಲ. ತೋಟದೊಳಗಿನ ಹಳ್ಳವಾದರೆ ತೋಟದವರನ್ನು ಕೇಳಬೇಕು. ಲೇಖನದ ಚಿತ್ರ ನೋಡಿ ಯಾರೋ ಅಂಥದೇ ಜಾಗಕ್ಕೆ ನುಗ್ಗಿಬಿಡುತ್ತಾರೆ, ಅದಕ್ಕೆ ಹೇಳಿದೆ.

ಅಚ್ಚುಮೊಳೆ
ಪುಟ ಕಟ್ಟುವವರ ಕಡೆಯಿಂದ. ಕಡತವನ್ನು ಯೂನಿಕೋಡ್‌ನಲ್ಲೇ ಕಳಿಸಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಆಮೇಲೆ ಪರಿವರ್ತಿಸಿದರೆ ಅರ್ಕಾವೊತ್ತು, ಒತ್ತಕ್ಷರಗಳು ಅಲ್ಲಲ್ಲಿ ಸ್ಥಾನ ತಪ್ಪುತ್ತವೆ. ಅದಕ್ಕಿಂತ ಅಪಾಯ ಲೆಕ್ಕದ ಚಿಹ್ನೆಗಳದ್ದು. ಗುಣಾಕಾರದ ಚಿಹ್ನೆ, ಮೇಲೆ ಬರೆದ ಪುಟ್ಟ 3 ಬೇರೇನೋ ಆಗಿಬಿಡುತ್ತವೆ. "ಘನ ಮೀಟರ್", "ಚದರ ಸೆಂ.ಮೀ." ಎಂದು ಅಕ್ಷರದಲ್ಲೇ ಬರೆಯಿರಿ. ಕೋಷ್ಟಕವನ್ನು ಸ್ಪೇಸ್ ಒತ್ತಿ ಜೋಡಿಸಬೇಡಿ, ವರ್ಡ್‌ನ ಟೇಬಲ್ಲನ್ನೇ ಬಳಸಿ. ಯೂನಿಕೋಡ್ ಪಠ್ಯವನ್ನು ಪುಟ ಕಟ್ಟುವ ತಂತ್ರಾಂಶವಾದ ಇನ್‌ಡಿಸೈನ್‌ಗೆ ತಂದಾಗ ಅದರ ವರ್ಲ್ಡ್-ರೆಡಿ ಕಂಪೋಸರ್ (ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ಆಯ್ಕೆ) ಆರಿಸದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗುತ್ತದೆ, ಅದು ನಮ್ಮ ಕೆಲಸ. ಹೋಲಿಸಿ ನೋಡಲು ಒಂದು ಪಿಡಿಎಫ್ ಜೊತೆಗಿಟ್ಟರೆ ಸಹಾಯವಾಗುತ್ತದೆ.

ಅಡ್ಡಛೇದದ ಗೆರೆಚಿತ್ರವನ್ನು ಕಂಪ್ಯೂಟರಿನಲ್ಲಿ ಸುಂದರವಾಗಿ ಬಿಡಿಸುವ ಗೋಜು ಬೇಡ. ಬಿಳಿ ಹಾಳೆಯ ಮೇಲೆ ಕಪ್ಪು ಪೆನ್ನಿನಲ್ಲಿ ಅಳತೆ ಸಮೇತ ಬರೆದು ಸ್ಕ್ಯಾನ್ ಮಾಡಿ ಕಳಿಸಿದರೆ ನಾವು ಮರುಬಿಡಿಸುತ್ತೇವೆ.

ಹಳ್ಳದದಾರಿ
ಎಲ್ಲರಿಗೂ ಧನ್ಯವಾದ. ನಡುಭಾಗವನ್ನು ಹೀಗೆ ತಿರುಗಿ ಬರೆದೆ, ನೋಡಿ:

"ಕೋಲು ಹಿಡಿದ ಮಗು ನೀರಿಗಿಳಿಯುವ ಮುನ್ನ ಮೇಲ್ಹರಿವಿನ ಕಾವಲಿಗರು ಸೀಟಿ ಊದಿ 'ಸರಿ' ಎಂದು ಕೈ ಎತ್ತಬೇಕು. ಹಗ್ಗದ ಪ್ರತಿ ಗುರುತಿನ ಬಳಿ ಕೋಲನ್ನು ನೆಟ್ಟಗೆ, ತೆಳು ಅಂಚು ಹರಿವಿಗೆ ಎದುರಾಗುವಂತೆ ಹಿಡಿಯಲಿ. ತುದಿಯ ಮುಚ್ಚಳ ತಳ ಮುಟ್ಟಿದೊಡನೆ ನಿಲ್ಲಿಸಬೇಕು, ಒತ್ತಬಾರದು. ಆಳವನ್ನು ಕೂಗಿ ಹೇಳಿದ್ದನ್ನು ದಾಖಲೆಯವರು ತಿರುಗಿ ಕೂಗಿ ಬರೆದುಕೊಳ್ಳಲಿ. ನೀರಿನ ಸದ್ದಿನಲ್ಲಿ ಹನ್ನೆರಡು, ಇಪ್ಪತ್ತೆರಡು ಒಂದೇ ಥರ ಕೇಳುತ್ತವೆ."

ಮಾಪನಪಟ್ಟಿ
ಚೆನ್ನಾಗಿದೆ. ತಿರುಗಿ ಕೂಗುವ ಹೆಜ್ಜೆ ನಮಗ್ಯಾರಿಗೂ ಹೊಳೆದಿರಲಿಲ್ಲ, ಅದನ್ನು ಕತ್ತರಿಸಲು ಬಿಡಬೇಡಿ. "ನೆಟ್ಟಗೆ" ಎಂಬಲ್ಲಿ ಕಾರಣ ಸೇರಿಸಿ: ಓರೆಯಾದರೆ ಆಳ ಹೆಚ್ಚು ತೋರುತ್ತದೆ. ಜೊತೆಗೆ ಅಳೆಯುವ ಮಗು ಹಗ್ಗದ ಕೆಳಹರಿವಿನ ಕಡೆ ನಿಲ್ಲಬೇಕು. ಕೋಲಿನ ಮೇಲ್ಗಡೆ ನಿಂತರೆ ಕಾಲು ಹರಿವನ್ನು ತಡೆದು ಅಲ್ಲಿನ ನೀರಿನ ಮಟ್ಟವೇ ಬದಲಾಗುತ್ತದೆ.

ಕೆಂಪುಶಾಯಿ
ಒಪ್ಪಿದೆ. ಈಗ ಕಾಲದ ಲೆಕ್ಕ. ಅಕ್ಟೋಬರ್‌ನಲ್ಲಿ ಮಾಡುವ ಚಟುವಟಿಕೆ ಅಕ್ಟೋಬರ್ ಸಂಚಿಕೆಯಲ್ಲಿ ಬಂದರೆ ಓದುಗರಿಗೆ ತಯಾರಿಗೆ ಸಮಯವಿರುವುದಿಲ್ಲ. ಸೆಪ್ಟೆಂಬರ್ ಸಂಚಿಕೆ ಗುರಿಯಾಗಿರಲಿ, ಜೂನ್ ಕೊನೆಗೆ ಸಂಪಾದಕರ ಕೈಸೇರಲಿ. ಪೂರ್ತಿ ಲೇಖನಕ್ಕೆ ಮೊದಲು 100–150 ಪದಗಳ ಟಿಪ್ಪಣಿ ಕಳಿಸಿ: ಯಾರಿಗೆ, ಏನು, ಓದಿದವರು ಏನು ಮಾಡಬಲ್ಲರು, ಎಷ್ಟು ಚಿತ್ರ. ಜೊತೆಗೆ ಹಕ್ಕಿನ ವಿಚಾರ ಮೊದಲೇ ಕೇಳಿ. ಇದೇ ಬರಹವನ್ನು ನಿಮ್ಮ ತರಬೇತಿ ಕೈಪಿಡಿಯಲ್ಲಿ ಬಳಸುವ ಹಕ್ಕು ನಿಮಗೇ ಉಳಿಯುತ್ತದೆ ಎಂದು ಇಮೇಲ್‌ನಲ್ಲಿ ಒಂದು ಸಾಲು ಇದ್ದರೆ ಆಮೇಲೆ ಕಿರಿಕಿರಿ ಇಲ್ಲ.

ಕಳಿಸುವ ಮುನ್ನ ಒಂದು ಪರೀಕ್ಷೆ: ನಿಮ್ಮ ಶಿಬಿರಕ್ಕೆ ಬಂದಿರದ ಯಾರಿಗಾದರೂ ಬರಹವನ್ನಷ್ಟೇ ಕೊಟ್ಟು, ಅಂಗಳದಲ್ಲಿ ಹಗ್ಗ, ಕೋಲು ಹಿಡಿದು ಹೆಜ್ಜೆ ಹೆಜ್ಜೆಯಾಗಿ ಮಾಡಲು ಹೇಳಿ. ನೀವು ಪಕ್ಕದಲ್ಲಿ ಬಾಯಿ ಬಿಡದೆ ನಿಂತಿರಿ. ಅವರು ತಲೆಯೆತ್ತಿ ನಿಮ್ಮನ್ನು ನೋಡಿದ ಜಾಗಕ್ಕೆಲ್ಲ ಪೆನ್ಸಿಲ್ ಗುರುತು ಹಾಕಿ.

ಹಳ್ಳದದಾರಿ
ಅಚ್ಚಿಗೆ ಹೋಗುವ ಮುನ್ನ ಕರಡಚ್ಚು ಕಳಿಸುತ್ತಾರಂತೆ. ಅದರಲ್ಲಿ ಏನು ನೋಡಬೇಕು?

ಅಚ್ಚುಮೊಳೆ
ಕಾಗುಣಿತ ನಾವು ನೋಡುತ್ತೇವೆ. ನೀವು ಸಂಖ್ಯೆಗಳನ್ನು ನೋಡಿ. 0.425ರ ಚುಕ್ಕಿ ಉಳಿದಿದೆಯೇ, 40 ಸೆಂ.ಮೀ. ಎಲ್ಲಾದರೂ 40 ಮೀಟರ್ ಆಗಿದೆಯೇ, ಕೋಷ್ಟಕದಲ್ಲಿ ಏಳೂ ಬಿಂದುಗಳಿವೆಯೇ. ಎರಡು ತುದಿಯ ಸೊನ್ನೆಗಳನ್ನು ಖಾಲಿ ಎಂದುಕೊಂಡು ಯಾರಾದರೂ ಅಳಿಸಿರುತ್ತಾರೆ. ಚಿತ್ರ ಅದಲುಬದಲಾಗಿ ಕಿತ್ತಳೆಯ ಕೆಳಗೆ ಕೋಲಿನ ಅಡಿಬರಹ ಬಂದಿದೆಯೇ ನೋಡಿ. ಗೆರೆಚಿತ್ರದಲ್ಲಿ ಹರಿವಿನ ದಿಕ್ಕಿನ ಬಾಣ ತಿರುಗುಮುರುಗಾದರೆ ಕಾವಲಿಗರು ಕೆಳಹರಿವಿಗೆ ಹೋಗಿ ನಿಲ್ಲುತ್ತಾರೆ. ಆ ಬಾಣವನ್ನು ಮೊದಲು ನೋಡಿ.